ಹೆಸರು ಅಳಿದ ಗರಗಸಗಳು

ಮಿಷಿಗನ್‌ನಲ್ಲಿ ಮೇ ತಿಂಗಳು ಬಂತೆಂದರೆ ಶನಿವಾರ ಬೆಳಿಗ್ಗೆ ಮನೆಮನೆಯ ಗ್ಯಾರೇಜಿನ ಬಾಗಿಲು ತೆರೆದು, ಬೇಡವಾದ ಸಾಮಾನೆಲ್ಲ ಅಂಗಳಕ್ಕೆ ಬರುತ್ತದೆ. ಹಳೆಯ ಸೈಕಲ್ಲು, ಮಕ್ಕಳ ಆಟಿಕೆ, ಜೊತೆ ತಪ್ಪಿದ ಕುರ್ಚಿ. ಅವುಗಳ ನಡುವೆ ಎಣ್ಣೆ ಹೀರಿ ಕಪ್ಪಾದ ರಟ್ಟಿನ ಪೆಟ್ಟಿಗೆಯೊಳಗೆ ಒಂದು ಚೈನ್‌ಸಾ, ಅಂದರೆ ನಮ್ಮ ಕಡೆ ಮರ ಕೊಯ್ಯುವ ಮಿಷನ್ ಅನ್ನುತ್ತಾರಲ್ಲ ಅದು, ಅನೇಕ ಸಲ ಇರುತ್ತದೆ. ‘ನಮ್ಮ ಅಜ್ಜನದು, ಅವರು ಹೋದ ಮೇಲೆ ಯಾರೂ ಮುಟ್ಟಿಲ್ಲ, ಸ್ಟಾರ್ಟ್ ಆಗುವುದಿಲ್ಲ, ಹತ್ತು ಡಾಲರ್ ಕೊಟ್ಟು ಒಯ್ಯಿರಿ’ ಎನ್ನುತ್ತಾರೆ.

ಸ್ಟಿಲ್ ಅಥವಾ ಹಸ್ಕ್ವರ್ನಾ ಆಗಿದ್ದರೆ ಬೆಳಕು ಹರಿಯುವ ಮೊದಲೇ ಬಂದವರು ಕೊಂಡುಹೋಗಿರುತ್ತಾರೆ. ಬಿಸಿಲೇರಿದ ಮೇಲೂ ಉಳಿಯುವುದು ಹೋಮ್‌ಲೈಟ್, ಮೆಕಲಕ್, ಪಯೋನಿಯರ್, ಪಾರ್ಟ್ನರ್, ಸೋಲೋ. ಒಂದು ಕಾಲದಲ್ಲಿ ಕಾಡು ಕಡಿಯುವವರ ಬಾಯಲ್ಲಿ ನಲಿದಾಡಿದ ಹೆಸರುಗಳು. ಇವತ್ತು ಕೇಳಿದರೆ ಅಂಗಡಿಯ ಹುಡುಗರು ತಲೆ ಅಲ್ಲಾಡಿಸುತ್ತಾರೆ. ನಾನು ಕೊಳ್ಳುವುದು ಇಂಥವನ್ನೇ. ಒಂಬತ್ತು ವರ್ಷದಲ್ಲಿ ಹನ್ನೊಂದು ಮಿಷನ್ ತಂದಿದ್ದೇನೆ, ಎಂಟು ಓಡುತ್ತಿವೆ.

ಕೊಳ್ಳುವ ಅಗತ್ಯ ಬಂದದ್ದು ಒಂದು ಹುಳದಿಂದ. 2002ರಲ್ಲಿ ಡೆಟ್ರಾಯ್ಟ್ ಬಳಿ ಪಚ್ಚೆ ಬಣ್ಣದಲ್ಲಿ ಮಿರುಗುವ ಪುಟ್ಟ ಜೀರುಂಡೆಯೊಂದು ಕಣ್ಣಿಗೆ ಬಿತ್ತು. ಪೂರ್ವ ಏಷ್ಯಾದ ಹುಳ. ಸರಕಿನ ಕಟ್ಟಿಗೆ ಪೆಟ್ಟಿಗೆಗಳಲ್ಲಿ ಬಂದಿರಬೇಕೆಂದು ಬಲ್ಲವರು ಹೇಳುತ್ತಾರೆ. ಇದರ ಮರಿ ಆಶ್ ಮರದ ತೊಗಟೆಯ ಕೆಳಗೆ ಹೊಕ್ಕು, ನೀರು ಆಹಾರ ಹರಿಯುವ ಪದರವನ್ನೇ ತಿಂದು ಮರವನ್ನು ನಿಂತಲ್ಲೇ ಒಣಗಿಸುತ್ತದೆ. ಬೇಸ್‌ಬಾಲ್ ಬ್ಯಾಟಿಗೆ, ಕೊಡಲಿ ಕಾವಿಗೆ ಹೆಸರಾದ ಮರ ಅದು. ಕೋಟಿಗಟ್ಟಲೆ ಮರ ಹೋದವು. ನಮ್ಮ ಜಾಗದಲ್ಲೇ ಐದು ಒಣಗಿದವು. ನಾನು ಕೊಪ್ಪದ ಕಡೆಯವನು. ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡಗಳನ್ನು ಅಪ್ಪ ಕಿತ್ತು ಸುಡುತ್ತಿದ್ದುದನ್ನು ನೋಡಿ ಬೆಳೆದವನು. ಆಶ್ ಮರದ ತೊಗಟೆ ಎತ್ತಿ ಒಳಗಿನ ಅಂಕುಡೊಂಕು ಗೀರು ನೋಡಿದಾಗ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಹೊಸ ಒಳ್ಳೆಯ ಮಿಷನ್ನಿಗೆ ಆರುನೂರು ಡಾಲರ್ ಹಾಕುವ ಮನಸ್ಸಿರಲಿಲ್ಲ. ಹದಿನೈದು ಡಾಲರಿಗೆ ಮಾಸಿದ ನೀಲಿ ಬಣ್ಣದ ಹೋಮ್‌ಲೈಟ್ ಎಕ್ಸ್‌ಎಲ್-12 ಸಿಕ್ಕಿತು. ಒಂದು ರಿಪೇರಿ ಅಂಗಡಿಗೆ ಒಯ್ದೆ. ಮೇಜಿನ ಮೇಲಿಡಲೂ ಬಿಡದೆ, ‘ಇದಕ್ಕೆ ಪಾರ್ಟ್ಸ್ ಸಿಗಲ್ಲ, ಗುಜರಿಗೆ ಹಾಕಿ’ ಎಂದರು. ಕವರ್ ಬಿಚ್ಚಿ ನೋಡದೆ ಹೇಳಿದ ಮಾತು ಅದು. ಆ ಮಾತು ಎಷ್ಟು ತಪ್ಪೆಂದು ತಿಳಿಯಲು ನನಗೆ ಎರಡು ಚಳಿಗಾಲ ಹಿಡಿಯಿತು.

ಹೋಮ್‌ಲೈಟ್ ಶುರುವಾದದ್ದು 1921ರಲ್ಲಿ, ನ್ಯೂಯಾರ್ಕ್ ರಾಜ್ಯದ ಪೋರ್ಟ್ ಚೆಸ್ಟರ್‌ನಲ್ಲಿ. ಕರೆಂಟ್ ಇನ್ನೂ ಬಾರದಿದ್ದ ಹಳ್ಳಿಮನೆಗಳಿಗೆ ದೀಪ ಉರಿಸುವ ಸಣ್ಣ ಜನರೇಟರ್ ಮಾಡುತ್ತಿದ್ದರು, ಹೆಸರು ಬಂದದ್ದೂ ಅಲ್ಲಿಂದಲೇ. ಆಮೇಲೆ ಗರಗಸಕ್ಕೆ ಕೈ ಹಾಕಿದರು. ಆ ಕಾಲದ ಗರಗಸದ ತೂಕ ನೆನಪಿಟ್ಟುಕೊಳ್ಳಬೇಕು. 1929ರಲ್ಲಿ ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ ತಂದ ಪೆಟ್ರೋಲ್ ಗರಗಸ 46 ಕೆ.ಜಿ. ಇತ್ತು, ನಮ್ಮ ಜೋಡಿ ಗರಗಸದ ಹಾಗೆ ಆ ಕಡೆ ಒಬ್ಬ ಈ ಕಡೆ ಒಬ್ಬ ಬೇಕು. 1950ರಲ್ಲಿ ಅದೇ ಕಂಪನಿ ಒಬ್ಬನೇ ಹಿಡಿಯಬಲ್ಲ ಮಿಷನ್ ಮಾಡಿತು, ಆದರೂ 16 ಕೆ.ಜಿ. 1963ರಲ್ಲಿ ಬಂದ ಎಕ್ಸ್‌ಎಲ್-12 ಬಾರು (ಚೈನು ಸುತ್ತ ಓಡುವ ಉದ್ದ ಪಟ್ಟಿ), ಚೈನು ಬಿಟ್ಟರೆ ಹೆಚ್ಚುಕಡಿಮೆ 12 ಪೌಂಡು, ಐದೂವರೆ ಕೆ.ಜಿ.ಯ ಆಸುಪಾಸು. ಮೈಯೆಲ್ಲ ಮೆಗ್ನೀಸಿಯಂ ಎರಕ, 54 ಸಿ.ಸಿ. ಎಂಜಿನ್. ಅಲ್ಲಿಯವರೆಗೆ ಮರದ ಗುತ್ತಿಗೆದಾರರ ಕೈಯಲ್ಲಿದ್ದ ಗರಗಸ ರೈತನ ಕೈಗೆ ಬಂದದ್ದು ಇಂಥ ಮಿಷನ್ನುಗಳಿಂದ. ಲಕ್ಷಗಟ್ಟಲೆ ಮಾರಾಟವಾದ್ದರಿಂದಲೇ ಇವತ್ತಿಗೂ ಅಂಗಳಗಳಲ್ಲಿ ಸಿಗುತ್ತವೆ.

ಮೆಕಲಕ್‌ನದು ಇನ್ನೊಂದು ದೊಡ್ಡ ಕಥೆ. ಲಾಸ್ ಏಂಜಲೀಸಿನ ರಾಬರ್ಟ್ ಮೆಕಲಕ್ ಹಳದಿ ಗರಗಸ ಮಾರಿ ಗಳಿಸಿದ ದುಡ್ಡು ಎಷ್ಟಿತ್ತೆಂದರೆ, ಅರಿಜೋನಾದ ಮರಳುಗಾಡಿನ ಸರೋವರದ ದಡದಲ್ಲಿ ಲೇಕ್ ಹವಾಸು ಸಿಟಿ ಎಂಬ ಊರನ್ನೇ ಕಟ್ಟಿಸಿದ, ಗರಗಸದ ಕಾರ್ಖಾನೆಯನ್ನೂ ಅಲ್ಲಿ ಹಾಕಿದ. ಊರಿಗೆ ಜನ ಬರಬೇಕಲ್ಲ? ಲಂಡನ್ನಿನಲ್ಲಿ ಥೇಮ್ಸ್ ನದಿಗೆ 1831ರಲ್ಲಿ ಕಟ್ಟಿದ್ದ ಲಂಡನ್ ಬ್ರಿಜ್ ತನ್ನದೇ ಭಾರಕ್ಕೆ ಕುಸಿಯುತ್ತಾ ಬಂದು ಮಾರಾಟಕ್ಕಿತ್ತು. 1968ರಲ್ಲಿ 24,60,000 ಡಾಲರಿಗೆ ಅದನ್ನು ಕೊಂಡ. ಒಂದೊಂದು ಕಲ್ಲಿಗೂ ನಂಬರ್ ಹಾಕಿ, ಪನಾಮಾ ಕಾಲುವೆಯ ಮೂಲಕ ಹಡಗಿನಲ್ಲಿ ತರಿಸಿ, ಕಾಂಕ್ರೀಟಿನ ಹೊಸ ಎಲುಬಿಗೆ ಆ ಹಳೆಯ ಗ್ರಾನೈಟ್ ಹೊದಿಸಿ, 1971ರಲ್ಲಿ ಸೇತುವೆ ಮತ್ತೆ ತೆರೆಸಿದ. ಸೇತುವೆ ಇವತ್ತಿಗೂ ನಿಂತಿದೆ. ಕಂಪನಿ 1999ರಲ್ಲಿ ದಿವಾಳಿಯಾಯಿತು. ಹೆಸರನ್ನು ಬೇರೆಯವರು ಕೊಂಡರು. ಅದೇ ಮೆಕಲಕ್‌ನ 10-10 ಮಾಡೆಲ್ ಒಂದು ನನ್ನಲ್ಲಿದೆ, ಮೂರನೇ ಎಳೆತಕ್ಕೆ ಸಿಡಿದೇಳುತ್ತದೆ.

ಹೀಗೆ ಕಂಪನಿಗಳು ಮುಳುಗಿದವು, ಇಲ್ಲವೇ ದೊಡ್ಡವರ ಹೊಟ್ಟೆಗೆ ಹೋದವು. ಸ್ವೀಡನ್ನಿನ ಯೋನ್ಸೆರೆಡ್ 1978ರಲ್ಲಿ ಎಲೆಕ್ಟ್ರೋಲಕ್ಸ್ ಪಾಲಾಯಿತು, ಅದೇ ಮನೆಗೆ ಹಸ್ಕ್ವರ್ನಾ ಕೂಡ ಬಂದು ಸೇರಿತು. ಜರ್ಮನಿಯ ಡೋಲ್ಮಾರ್ 1991ರಲ್ಲಿ ಜಪಾನಿನ ಮಕಿತಾ ಕೈಸೇರಿತು. ಎಮಿಲ್ ಲೆರ್ಪ್ ಎಂಬಾತ 1927ರಲ್ಲಿ ತನ್ನ ಗರಗಸ ಪರೀಕ್ಷಿಸಿದ್ದ ಥುರಿಂಗಿಯಾದ ಬೆಟ್ಟದ ಹೆಸರು ಡೋಲ್ಮಾರ್, ಕಂಪನಿಗೂ ಅದನ್ನೇ ಇಟ್ಟಿದ್ದರು. ಹೆಸರು ಹೋದರೆ ಮಿಷನ್ನಿಗೆ ದಿಕ್ಕಿಲ್ಲ ಎಂದು ಜನ ಅಂದುಕೊಳ್ಳುತ್ತಾರೆ. ನನಗೆ ಗೊತ್ತಾದ ಮುಖ್ಯ ಸಂಗತಿ ಏನೆಂದರೆ, ಹೆಸರು ಇರುವುದು ಕವರಿನ ಮೇಲೆ ಮಾತ್ರ.

ಚೈನನ್ನೇ ತೆಗೆದುಕೊಳ್ಳಿ. ಒರೆಗಾನ್ ರಾಜ್ಯದಲ್ಲಿ ಮರ ಕಡಿಯುತ್ತಿದ್ದ ಜೋಸೆಫ್ ಕಾಕ್ಸ್ 1946ರಲ್ಲಿ ಒಂದು ಮರದ ಬುಡದಲ್ಲಿ ಜೀರುಂಡೆಯ ಮರಿ ಕಟ್ಟಿಗೆ ಕೊರೆಯುವುದನ್ನು ಕೂತು ನೋಡಿದ. ಆಗಿನ ಚೈನಿಗೆ ಕೈ ಗರಗಸದ ಹಾಗೆ ಚೂಪು ಹಲ್ಲು. ಸಾಣೆಗೇ ಅರ್ಧ ದಿನ ಹೋಗುತ್ತಿತ್ತು. ಹುಳವಾದರೋ ಎಡಕ್ಕೊಮ್ಮೆ ಬಲಕ್ಕೊಮ್ಮೆ ದವಡೆ ಆಡಿಸಿ ಹಸಿ ಒಣ ಎನ್ನದೆ ಮುಂದೆ ಹೋಗುತ್ತಿತ್ತು. ಕಾಕ್ಸ್ ಅದೇ ದವಡೆಯ ಆಕಾರವನ್ನು ಉಕ್ಕಿನಲ್ಲಿ ಮಾಡಿ, ಎಡ ಬಲ ಸರದಿಯಂತೆ ಕೂರಿಸಿ, 1947ರಲ್ಲಿ ಮಾರಲು ಶುರುಮಾಡಿದ. ಇವತ್ತು ಪ್ರಪಂಚದ ಯಾವ ಗರಗಸ ತೆಗೆದರೂ ಅದರ ಮೇಲೆ ಓಡುವುದು ಆ ಚೈನಿನ ಸಂತತಿಯೇ. ಬೇಕಾದದ್ದು ಅಳತೆ ಮಾತ್ರ: ಸಾಲಾಗಿ ಮೂರು ರಿವೆಟ್ಟುಗಳ ದೂರ ಅಳೆದು ಅರ್ಧ ಮಾಡಿದರೆ ಪಿಚ್ಚು, ಬಾರಿನ ಸೀಳಿನೊಳಗೆ ಇಳಿಯುವ ಕೊಂಡಿಯ ದಪ್ಪ ಗೇಜು, ಆಮೇಲೆ ಕೊಂಡಿಗಳ ಲೆಕ್ಕ. ಈ ಮೂರನ್ನು ಹೇಳಿದರೆ ಅಂಗಡಿಯವರು ಸುರುಳಿಯಿಂದ ಕತ್ತರಿಸಿ ಕೊಡುತ್ತಾರೆ. ಮಿಷನ್ ಯಾವುದೆಂದು ಕೇಳುವುದೂ ಇಲ್ಲ.

ಕಾರ್ಬುರೇಟರ್ ಕೂಡ ಹಾಗೆಯೇ. ಮೊದಲಿನ ಗರಗಸಗಳಿಗೆ ಬೈಕಿನಲ್ಲಿರುವಂಥ ಫ್ಲೋಟ್ ಕಾರ್ಬುರೇಟರ್ ಇತ್ತು. ಮಿಷನ್ ಮಗುಚಿದರೆ ಪೆಟ್ರೋಲ್ ಚೆಲ್ಲಿ ನಿಂತುಹೋಗುತ್ತಿತ್ತು. ಅಡ್ಡ ಕೊಯ್ಯಬೇಕೆಂದರೆ ಎಂಜಿನ್ ನೆಟ್ಟಗೆ ಇಟ್ಟುಕೊಂಡು ಬಾರನ್ನಷ್ಟೇ ತಿರುಗಿಸಬೇಕು. ಐವತ್ತರ ದಶಕದಲ್ಲಿ, ತೆಳು ಪೊರೆಯ ಏರಿಳಿತದಿಂದ ನಡೆಯುವ ಡಯಾಫ್ರಾಮ್ ಕಾರ್ಬುರೇಟರ್ ಬಂದ ಮೇಲೆ ಹೇಗೆ ಹಿಡಿದರೂ ಎಂಜಿನ್ ಓಡತೊಡಗಿತು. ಮಾಡುತ್ತಿದ್ದವರು ಹೆಚ್ಚು ಜನವಿಲ್ಲ. ಒಹಾಯೋದ ಟೊಲೀಡೊ ಊರಿನ ಟಿಲ್ಲಟ್ಸನ್, ನಮ್ಮ ಮಿಷಿಗನ್ನಿನ ಕ್ಯಾಸ್ ಸಿಟಿ ಎಂಬ ಪುಟ್ಟ ಊರಿನ ವಾಲ್‌ಬ್ರೋ. ಗರಗಸ ಕಂಪನಿಗಳಲ್ಲಿ ಬಹುಪಾಲು ಇವರಿಂದಲೇ ಕೊಳ್ಳುತ್ತಿದ್ದವು. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಚಾಂಪಿಯನ್, ಅದೂ ಟೊಲೀಡೊ ಕಂಪನಿ. ಹೋಮ್‌ಲೈಟ್ ಸತ್ತರೂ ಅದರ ಕಾರ್ಬುರೇಟರಿನ ರಿಪೇರಿ ಕಿಟ್ ಹೊಸದಾಗಿಯೇ ಸಿಗುತ್ತದೆ. ಕಾರ್ಬುರೇಟರಿನ ಮೈಮೇಲೆ ಒತ್ತಿದ ಅಕ್ಷರ ಓದಿ ಅದರ ಹೆಸರಿನಲ್ಲೇ ಕೇಳಬೇಕು, ಅಷ್ಟೇ. ಇಡೀ ಮಿಷನ್ನೇ ಬೇರೆ ಅಂಗಿ ತೊಟ್ಟು ಬಂದದ್ದೂ ಉಂಟು: ಎಪ್ಪತ್ತರ ದಶಕದ ಜಾನ್ ಡಿಯರ್ ಗರಗಸಗಳಲ್ಲಿ ಹಲವು ಜಪಾನಿನ ಎಕೋ, ಸಿಯರ್ಸ್ ಅಂಗಡಿಯ ಕ್ರಾಫ್ಟ್ಸ್‌ಮನ್‌ಗಳಲ್ಲಿ ಎಷ್ಟೋ ಲೂಯಿಸಿಯಾನಾದ ಪೌಲಾನ್, ಕೊನೆಗಾಲದ ಯೋನ್ಸೆರೆಡ್ 2171 ಬಣ್ಣ ಬದಲಿಸಿದ ಹಸ್ಕ್ವರ್ನಾ. ಇದು ತಿಳಿದವರಿಗೆ ‘ಪಾರ್ಟ್ಸ್ ಸಿಗಲ್ಲ’ ಎಂಬ ಮಾತು ಅರ್ಧಕ್ಕರ್ಧ ಕರಗಿಹೋಗುತ್ತದೆ.

ಉಳಿದರ್ಧ ನಿಜ. ಅದು ರಬ್ಬರಿನ ವಿಷಯ.

ಹಳೆಯ ಗರಗಸದಲ್ಲಿ ಲೋಹ ಸಾಯುವುದು ಕಮ್ಮಿ. ಸಾಯುವುದು ಪೆಟ್ರೋಲಿನ ಪೈಪು, ಡಯಾಫ್ರಾಮು, ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲು, ಹಿಡಿಗೂ ಎಂಜಿನ್ನಿಗೂ ನಡುವಿನ ನಡುಕ ತಡೆಯುವ ಬುಷ್ಷು. ನನ್ನ ಎಕ್ಸ್‌ಎಲ್-12ರ ಏರ್ ಫಿಲ್ಟರ್ ಕವರ್ ತೆಗೆದು ಪೈಪು ಮುಟ್ಟಿದರೆ ಬೆಲ್ಲದಚ್ಚಿನಂತೆ ಪುಡಿಯಾಯಿತು. ಕಾರ್ಬುರೇಟರಿನ ಒಂದು ಬದಿಗೆ ನಡುವೆ ಒಂದೇ ಸ್ಕ್ರೂ, ಅದರಡಿ ಪಂಪಿನ ಡಯಾಫ್ರಾಮ್ ಮತ್ತು ಹೆಬ್ಬೆರಳಿನ ಉಗುರಿಗಿಂತ ಚಿಕ್ಕ ಜಾಲರಿ. ಜಾಲರಿಯ ಮೇಲೆ ಕಂದು ಬಣ್ಣದ ಮೆತ್ತು. ಇನ್ನೊಂದು ಬದಿಗೆ ನಾಲ್ಕು ಸ್ಕ್ರೂ, ಅಲ್ಲಿ ಅಳತೆ ನೋಡಿ ಪೆಟ್ರೋಲ್ ಬಿಡುವ ಡಯಾಫ್ರಾಮ್. ವೀಳ್ಯದೆಲೆಯ ಹಾಗೆ ಬಾಗಬೇಕಾದದ್ದು ಹಪ್ಪಳವಾಗಿತ್ತು. ಅದು ಎಂಜಿನ್ನಿನ ಉಸಿರಿಗೆ ತಕ್ಕಂತೆ ಏರಿಳಿದು ಒಂದು ಪುಟ್ಟ ಸನ್ನೆಯನ್ನು ಒತ್ತಿದರೆ ತಾನೆ ಸೂಜಿ ಬಾಯಿ ಬಿಟ್ಟು ಪೆಟ್ರೋಲ್ ಇಳಿಯುವುದು? ಹಪ್ಪಳ ಏನನ್ನು ಒತ್ತೀತು. ಎಲ್ಲ ತೊಳೆದು, ಕಿಟ್ಟಿನ ಹೊಸ ಡಯಾಫ್ರಾಮ್ ಹಾಕಿ, ಸನ್ನೆ ಗುಳಿಯ ತಳಕ್ಕೆ ಸಮನಾಗಿದೆಯೇ ಎಂದು ಉಕ್ಕಿನ ಸ್ಕೇಲ್ ಅಡ್ಡ ಹಿಡಿದು ನೋಡಿದೆ. ಒಂದು ಕೂದಲಷ್ಟು ಮೇಲಿತ್ತು. ಉಗುರಿನಿಂದ ಮೆಲ್ಲಗೆ ಅದುಮಿ ಸರಿ ಮಾಡಿದೆ. ಖರ್ಚು ಹನ್ನೆರಡು ಡಾಲರ್.

ಆದರೂ ಕಿಡಿ ಬರಲಿಲ್ಲ. ಎಲೆಕ್ಟ್ರಾನಿಕ್ ಇಗ್ನಿಷನ್ ಬರುವ ಮುಂಚಿನ ಮಿಷನ್ ಇದು. ಮ್ಯಾಗ್ನೆಟ್ಟಿನ ಹಿಂದೆ ಕಿಡಿಯ ಕರೆಂಟನ್ನು ಕಡಿದು ಕೂಡಿಸುವ ಸಿ.ಬಿ. ಪಾಯಿಂಟು, ಕಂಡೆನ್ಸರು. ಇಲ್ಲಿನ ಮೆಕ್ಯಾನಿಕ್ ಹುಡುಗರು ಪಾಯಿಂಟ್ ಎಂದರೆ ಮುಖ ನೋಡುತ್ತಾರೆ. ನಾನು ನೋಡಲಿಲ್ಲ, ಯಾಕೆಂದರೆ ನಮ್ಮಪ್ಪನ ಹತ್ತಿರ ಯೆಜ್ಡಿ ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಮಾಡಿದ ಬೈಕುಗಳು ಮಲೆನಾಡಿನ ಎರಡು ತಲೆಮಾರಿಗೆ ಟೂ ಸ್ಟ್ರೋಕ್ ಎಂಜಿನ್ನಿನ ಪಾಠ ಹೇಳಿವೆ. ಮಳೆಗಾಲದಲ್ಲಿ ಗಾಡಿ ಕೆಮ್ಮತೊಡಗಿದರೆ ಅಪ್ಪ ನನ್ನನ್ನು ಗ್ಯಾರೇಜಿಗೆ ಕರೆದೊಯ್ಯುತ್ತಿದ್ದರು. ಅಲ್ಲಿನ ಯಜಮಾನರು ಪಾಯಿಂಟ್ ತೆರೆದು ತೋರಿಸಿ ಹೇಳುತ್ತಿದ್ದರು: ‘ಇಲ್ನೋಡು ಮಾರಾಯ, ಕಪ್ಪು ಹಿಡಿದಿದೆ. ಎಲ್ಲದಕ್ಕೂ ಅರ ಹಾಕೋದಲ್ಲ. ಮೊದ್ಲು ಒಂದು ಗಟ್ಟಿ ಕಾಗದ ತೂರಿಸಿ ಎಳಿ.’ ಅವರು ಬಳಸುತ್ತಿದ್ದದ್ದು ಯಾರದೋ ಮದುವೆ ಕಾಗದದ ಚೂರು.

ನಾನೂ ಅದನ್ನೇ ಮಾಡಿದೆ. ಪಾಯಿಂಟಿನ ನಡುವೆ ಕಾಗದ ಎಳೆದರೆ ಬೂದು ಬಣ್ಣದ ಗೆರೆ ಮೂಡಿತು, ಎರಡನೆಯ ಸಲ ತೆಳ್ಳಗಾಯಿತು, ಐದನೆಯದಕ್ಕೆ ಕಾಗದ ಬಿಳಿಯಾಗಿಯೇ ಹೊರಬಂತು. ಯೆಜ್ಡಿಯ ಪಾಯಿಂಟ್ ಗ್ಯಾಪ್ 0.4 ಮಿ.ಮೀ. ಎಂದು ಬಾಯಿಪಾಠವಿತ್ತು, ಹೋಮ್‌ಲೈಟಿನದು ಇಂಚಿನ ಲೆಕ್ಕದಲ್ಲಿ 0.015, ಅಂದರೆ 0.38. ಫೀಲರ್ ಗೇಜ್ ಹಾಕಿ ಸ್ಕ್ರೂ ಬಿಗಿದು, ಪ್ಲಗ್ಗನ್ನು ಸಿಲಿಂಡರಿನ ಮೈಗೆ ಒತ್ತಿಹಿಡಿದು ಹಗ್ಗ ಎಳೆದೆ. ಗ್ಯಾರೇಜಿನ ದೀಪ ಆರಿಸಿದ್ದೆ. ನೀಲಿ ಕಿಡಿ ಚಿಟ್ಟನೆ ಹಾರಿತು. ಕೊಪ್ಪದ ಆ ಯಜಮಾನರು ತೀರಿಕೊಂಡು ವರ್ಷಗಳಾಗಿವೆ. ಆ ಹೊತ್ತು ಅವರ ಎಣ್ಣೆಗೈಯೇ ಕಣ್ಣ ಮುಂದೆ ಇತ್ತು.

ಬೇರೊಂದು ಮಿಷನ್ನನ್ನು ಮಾತ್ರ ನಾನು ಕೊಂದಿದ್ದೇನೆ. ಕಾರ್ಬುರೇಟರ್ ತೊಳೆದೆ, ಓಡಿತು, ಖುಷಿಯಲ್ಲಿ ನೇರ ದಿಮ್ಮಿಗೆ ಇಟ್ಟೆ. ಸದ್ದು ಇದ್ದಕ್ಕಿದ್ದಂತೆ ಏರುತ್ತಿತ್ತು, ಓರೆ ಮಾಡಿದರೆ ಇನ್ನೂ ಏರುತ್ತಿತ್ತು. ಶಕ್ತಿ ಜಾಸ್ತಿಯಾಯಿತು ಎಂದುಕೊಂಡೆ. ಹತ್ತು ನಿಮಿಷಕ್ಕೆ ಕಿರ್ರೆಂದು ನಿಂತಿತು, ಮತ್ತೆ ಏಳಲಿಲ್ಲ. ಟೂ ಸ್ಟ್ರೋಕಿನಲ್ಲಿ ಪೆಟ್ರೋಲ್ ಮತ್ತು ಆಯಿಲ್ ಬೆರೆತ ಗಾಳಿ ಕ್ರ್ಯಾಂಕಿನ ಕೋಣೆಯ ಮೂಲಕವೇ ಸಿಲಿಂಡರಿಗೆ ಹೋಗಬೇಕು. ಆ ಕೋಣೆಗೆ ಗಾಳಿ ನುಸುಳಬಾರದು. ಕ್ರ್ಯಾಂಕಿನ ಸೀಲು ಗಟ್ಟಿಯಾಗಿ ಸೀಳಿದರೆ ಬರೀ ಗಾಳಿ ಒಳಗೆ ಬಂದು, ಪೆಟ್ರೋಲಿನ ಪಾಲೂ ಅದರೊಡನೆ ಬರುವ ಆಯಿಲಿನ ಪಾಲೂ ಕಡಿಮೆಯಾಗಿ, ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಏರಿದ ಆ ಸದ್ದು ಶಕ್ತಿಯದಲ್ಲ, ಬಾಯಾರಿಕೆಯದು. ಅರವತ್ತು ವರ್ಷ ಉಳಿದಿದ್ದ ಒಳ್ಳೆಯ ಸಿಲಿಂಡರನ್ನು ನನ್ನ ಅವಸರ ಹತ್ತು ನಿಮಿಷದಲ್ಲಿ ಮುಗಿಸಿತು, ಅದರ ನೋವು ಇನ್ನೂ ಇದೆ.

ಅಂದಿನಿಂದ ಸೀಲು ಪರೀಕ್ಷಿಸದೆ ಯಾವ ಮಿಷನ್ನನ್ನೂ ದಿಮ್ಮಿಗೆ ಇಟ್ಟಿಲ್ಲ. ಸೈಲೆನ್ಸರಿನ ಬಾಯಿ, ಕಾರ್ಬುರೇಟರಿನ ಬಾಯಿ ಎರಡನ್ನೂ ರಬ್ಬರ್ ತುಂಡಿನಿಂದ ಮುಚ್ಚಿ, ಪ್ಲಗ್ಗಿನ ತೂತಿನಿಂದ ಕೈಪಂಪಿನಲ್ಲಿ ಏಳೆಂಟು ಪಿ.ಎಸ್.ಐ. ಗಾಳಿ ತುಂಬಬೇಕು. ಆಮೇಲೆ ಸೀಲಿನ ಸುತ್ತ ಸೋಪಿನ ನೀರು ಹಚ್ಚಿದರೆ, ಪಂಕ್ಚರ್ ಅಂಗಡಿಯ ನೀರಿನ ತೊಟ್ಟಿಯಲ್ಲಿ ಟ್ಯೂಬು ಹೇಳುವ ಹಾಗೆ ಗುಳ್ಳೆ ತಾನೇ ಹೇಳುತ್ತದೆ. ಗಾಳಿ ತುಂಬಿ ನೋಡಿದ ಮೇಲೆ ಗಾಳಿ ಎಳೆದೂ ನೋಡಬೇಕು. ಹೊರಕ್ಕೆ ಬಿಡದ ಸೀಲು ಒಳಕ್ಕೆ ಬಿಡುವುದುಂಟು. ಹಾಳಾದ ಸೀಲಿಗೆ ಕಂಪನಿಯ ಪಾರ್ಟ್ ನಂಬರ್ ಹಿಡಿದು ಅಲೆದರೆ ಪ್ರಯೋಜನವಿಲ್ಲ. ಒಳವ್ಯಾಸ, ಹೊರವ್ಯಾಸ, ದಪ್ಪ ಅಳೆದು ಬೇರಿಂಗ್ ಅಂಗಡಿಯಲ್ಲಿ ಕೇಳಬೇಕು, ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಹಳೆಯ ಸೀಲನ್ನೇ ಕೌಂಟರ್ ಮೇಲಿಟ್ಟು ‘ಇಂಥದ್ದು ಕೊಡಿ’ ಎನ್ನುತ್ತೇವಲ್ಲ, ಹಾಗೆ. ಎಷ್ಟೋ ಸಲ ಸಿಗುತ್ತದೆ. ನಡುಕ ತಡೆಯುವ ಬುಷ್ಷು ಮಾತ್ರ ಹಾಗೆ ಸಿಗುವುದಿಲ್ಲ, ಅದು ಒಂದೊಂದು ಮಾಡೆಲ್ಲಿಗೆ ಒಂದೊಂದು. ಆದ್ದರಿಂದ ಬುಷ್ಷು ಹರಿದ ಮಿಷನ್ನನ್ನು ಬಿಟ್ಟಿ ಕೊಟ್ಟರೂ ನಾನು ತರುವುದಿಲ್ಲ.

ಕೊಳ್ಳುವಾಗ ನೋಡಬೇಕಾದದ್ದು ಇನ್ನೆರಡೇ. ಸೈಲೆನ್ಸರ್ ಬಿಚ್ಚಿ ಟಾರ್ಚ್ ಹಿಡಿದರೆ ಪಿಸ್ಟನ್ನಿನ ಮೈ ಕಾಣುತ್ತದೆ, ಉದ್ದುದ್ದ ಗೀರಿದ್ದರೆ ಬೇಡ. ಸ್ಟಾರ್ಟರ್ ಹಗ್ಗ ಹಿಡಿದು ಮಿಷನ್ನನ್ನು ಮೇಲೆತ್ತಿದರೆ ಸರಕ್ಕನೆ ಜಾರಬಾರದು, ತಡೆತಡೆದು ಇಳಿಯಬೇಕು. ಬಣ್ಣ ಹೋಗಿರಲಿ, ಸ್ಟಾರ್ಟ್ ಆಗದೇ ಇರಲಿ, ಪರವಾಗಿಲ್ಲ.

ಪೆಟ್ರೋಲಿನ ಬಗ್ಗೆ ಊರಿನವರಿಗೂ ಹೇಳಬೇಕು. ಇಲ್ಲಿನ ಬಂಕುಗಳ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ 10 ಪರ್ಸೆಂಟ್ ಎಥನಾಲ್, ಭಾರತದಲ್ಲಿ ಈಗ 20. ಎಥನಾಲ್ ನೀರು ಹೀರುತ್ತದೆ, ಹಳೆಯ ಕಾಲದ ರಬ್ಬರನ್ನು ಉಬ್ಬಿಸಿ ಕೊಳೆಸುತ್ತದೆ. ಮರಗಸಿ (ತೋಟದ ನೆರಳುಮರಗಳ ಕೊಂಬೆ ಸವರುವ ಕೆಲಸ) ಮುಗಿದ ಮೇಲೆ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟು ಮಿಷನ್ನನ್ನು ಅಟ್ಟಕ್ಕೆ ಹಾಕಿ, ಮುಂದಿನ ವರ್ಷ ಸ್ಟಾರ್ಟ್ ಆಗಲಿಲ್ಲ ಎಂದು ಬೈದರೆ ಅದರದೇನು ತಪ್ಪು? ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರಿನಲ್ಲಿ ಉಳಿದದ್ದು ತೀರಿ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಬೇಕು. ಹಳೆಯ ಮಿಷನ್ನುಗಳ ಮೇಲೆ 16ಕ್ಕೆ 1 ಆಯಿಲ್ ಎಂದು ಬರೆದಿರುವುದು ಆ ಕಾಲದ ಆಯಿಲಿನ ಲೆಕ್ಕ. ಈಗಿನ ಒಳ್ಳೆಯ ಟೂ-ಟಿ ಆಯಿಲ್ ಆದರೆ ನಾನು 32ಕ್ಕೆ 1 ಹಾಕುತ್ತೇನೆ.

ಇಷ್ಟೆಲ್ಲ ಪ್ರೀತಿಯಿಂದ ಬರೆದ ಮೇಲೆ ಇದನ್ನು ಬರೆಯದಿದ್ದರೆ ಮೋಸವಾಗುತ್ತದೆ: ಈ ಮಿಷನ್ನುಗಳು ಅಪಾಯಕಾರಿ. ಬಾರಿನ ತುದಿಯ ಮೇಲಂಚು ಮರಕ್ಕೆ ತಗುಲಿದರೆ ಗರಗಸ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದಕ್ಕೆ, ಹಿಡಿದವನ ಮುಖದ ಕಡೆಗೇ ಚಿಮ್ಮುತ್ತದೆ. ಆಗ ಮುಂಗೈ ತಾಗಿ ಚೈನನ್ನು ಹಿಡಿದು ನಿಲ್ಲಿಸುವ ಬ್ರೇಕು ಎಪ್ಪತ್ತರ ದಶಕದಲ್ಲಿ ಬಂದದ್ದು, ಎಕ್ಸ್‌ಎಲ್-12ರಲ್ಲಿ ಅದಿಲ್ಲ. ನಡುಕ ತಡೆಯುವ ಬುಷ್ಷೂ ಅದರಲ್ಲಿಲ್ಲ. ವರ್ಷಗಟ್ಟಲೆ ಅಂಥ ಮಿಷನ್ ಹಿಡಿದ ಕಾಡಿನ ಕೆಲಸಗಾರರ ಬೆರಳುಗಳು ಚಳಿಯಲ್ಲಿ ಬಿಳಿಚಿ ಮರಗಟ್ಟುತ್ತಿದ್ದವು, ಎಷ್ಟೋ ಜನರಿಗೆ ಸ್ಪರ್ಶವೇ ಹೋಯಿತು. ಆದ್ದರಿಂದ ಹಳೆಯದರಲ್ಲಿ ನಾನು ನಿಂತ ಮರ ಬೀಳಿಸುವುದಿಲ್ಲ. ಒಣಗಿದ ಆಶ್ ಮೊದಲೇ ಪೆಡಸು. ಕೊಯ್ಯುವಾಗಲೇ ಮೇಲಿನ ಕೊಂಬೆ ಮುರಿದು ತಲೆ ಮೇಲೆ ಬರುತ್ತದೆ. ಅದಕ್ಕೆ ಬ್ರೇಕ್ ಇರುವ ಮಿಷನ್ನು, ಅದನ್ನೇ ಕಸುಬು ಮಾಡಿಕೊಂಡವರ ಕೈ ಬೇಕು. ನೆಲಕ್ಕೆ ಬಿದ್ದ ದಿಮ್ಮಿಯನ್ನು ಸೌದೆಯುದ್ದಕ್ಕೆ ತುಂಡರಿಸುವುದಷ್ಟೇ ನನ್ನ ಹೋಮ್‌ಲೈಟಿನ ಕೆಲಸ. ಅದೂ ಕಾಲಿಗೆ ಚೈನ್ ತಡೆಯುವ ರಕ್ಷಾಕವಚ, ಹೆಲ್ಮೆಟ್, ಕಿವಿಮುಚ್ಚಿಗೆ ಹಾಕಿಕೊಂಡು, ಕಾಲು ಗಂಟೆಗೊಮ್ಮೆ ಕೆಳಗಿಟ್ಟು. ಹೊಸದಾಗಿ ಕಲಿಯುವವರ ಕೈಗೆ ಇದನ್ನು ಕೊಡುವುದಿಲ್ಲ, ನನ್ನ ಮಗ ಕೇಳಿದರೂ ಕೊಟ್ಟಿಲ್ಲ.

ಕಳೆದ ಅಕ್ಟೋಬರಿನಲ್ಲಿ ಐದನೆಯ ಆಶ್ ಮರವನ್ನು ಕೆಲಸದವರು ಬೀಳಿಸಿ ಹೋದರು. ಮರುದಿನ ಬೆಳಿಗ್ಗೆ ಹೋಮ್‌ಲೈಟ್ ತೆಗೆದು ಚೋಕ್ ಎಳೆದೆ. ಇದರಲ್ಲಿ ಚೈನಿಗೆ ಆಯಿಲ್ ತಾನಾಗಿ ಹೋಗುವುದಿಲ್ಲ; ಕೊಯ್ಯುತ್ತಲೇ ಬಲಗೈ ಹೆಬ್ಬೆರಳಲ್ಲಿ ಗುಂಡಿ ಒತ್ತುತ್ತಿರಬೇಕು. ಒಂದು, ಎರಡು, ಮೂರು ಎಣಿಸಿ ಒತ್ತು. ಮತ್ತೆ ಎಣಿಸಿ ಒತ್ತು. ಮೊದಮೊದಲು ಬೆರಳು ಮರೆಯುತ್ತಿತ್ತು, ಈಗ ಎಣಿಕೆಯೇ ಬೇಕಿಲ್ಲ. ಹದಿನಾರು ಇಂಚಿನ ಸೌದೆ ಒಂದೊಂದಾಗಿ ಉರುಳಿ ಬಿದ್ದವು. ಪುಡಿ ಹಿಟ್ಟಿನಂತಲ್ಲ, ಅವಲಕ್ಕಿಯಂತೆ ಚಕ್ಕೆ ಚಕ್ಕೆಯಾಗಿ ಬೀಳುತ್ತಿತ್ತು. ಚೈನಿನ ಹಲ್ಲು ಹರಿತವಾಗಿದೆಯೆಂದು ಗೊತ್ತಾಗುವುದು ಹಾಗೆ.

ಈಗ ಮೇಜಿನ ಮೇಲಿರುವುದು ಕೆನಡಾದ ಪೀಟರ್‌ಬರೋದಲ್ಲಿ ಮಾಡಿದ ಒಂದು ಪಯೋನಿಯರ್. ಪಿಸ್ಟನ್ ಕನ್ನಡಿಯಂತಿದೆ, ಕಿಡಿ ಚೆನ್ನಾಗಿದೆ. ಮ್ಯಾಗ್ನೆಟ್ ಬದಿಯ ಸೀಲಿನಲ್ಲಿ ಗುಳ್ಳೆ ಬರುತ್ತಿದೆ. ಅಳತೆ ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡಿದ್ದೇನೆ, ಸೋಮವಾರ ಬೇರಿಂಗ್ ಅಂಗಡಿ ತೆರೆಯುತ್ತದೆ.